ಕುಂಟೆಬಿಲ್ಲೆಗೆ ಒಪ್ಪುವ ಬಟ್ಟೆ

ಅವರು ಕುಕ್ಕರಗಾಲಿನಲ್ಲಿ ಕೂತರೆ ಎರಡೂ ಮೊಣಕಾಲು ಒಂದರ ಹಿಂದೊಂದು ಲಟಕ್ ಎನ್ನುತ್ತಿದ್ದವು. ಒಣಗಿದ ತೆಂಗಿನ ಗರಿ ಮುರಿದಂಥ ಸದ್ದು. ಅಂಗಡಿಗೆ ಹೆಣ್ಣುಮಗುವೊಂದು ಬಂತೆಂದರೆ ಗಲ್ಲಾದ ಹಿಂದಿನಿಂದ ಎದ್ದು ಬಂದು, ಪಂಚೆ ಎತ್ತಿ ಕಟ್ಟಿ, ಆ ಮಗುವಿನ ಮುಖಕ್ಕೆ ತಮ್ಮ ಮುಖ ಸಮವಾಗುವಂತೆ ಕೂತುಬಿಡುತ್ತಿದ್ದರು. ಏಳುವಾಗ ಮತ್ತೆ ಲಟಕ್, ಜೊತೆಗೊಂದು ‘ಶಿವಾ’. ಕೊರಳಲ್ಲಿ ಲಿಂಗ ಕಟ್ಟಿದ ಒಂದು ಶಿವದಾರ, ಅದರ ಮೇಲೆ ಅಳತೆಯ ಟೇಪು. ಶಿವದಾರದ ಮಾತು ನನಗೆ ಗೊತ್ತಿಲ್ಲ, ಟೇಪನ್ನಂತೂ ಅವರು ಒಂದು ದಿನವೂ ಬಳಸಿದ್ದನ್ನು ನಾನು ಕಂಡಿಲ್ಲ.

ಅರಸೀಕೆರೆಯ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಅವರ ಅಂಗಡಿ. ಊರಿಗೆಲ್ಲ ಅವರು ಜವಳಿ ಶೆಟ್ಟರು. ನಾನು ಚಿಕ್ಕವಳಿದ್ದಾಗ ಹಬ್ಬ ಬಂದರೆ ಅಪ್ಪ ನನ್ನನ್ನು ಹಾರನಹಳ್ಳಿಯಿಂದ ಟೆಂಪೊ ಹತ್ತಿಸಿಕೊಂಡು ಅಲ್ಲಿಗೇ ಕರೆತರುತ್ತಿದ್ದರು. ಆ ಅಂಗಡಿಯ ನೆಲ ಕೆಂಪು ಬಿಳಿ ಚೌಕಗಳದ್ದು. ಪರದೆಯ ಹಿಂದೆ ಹೋಗಿ ಹೊಸ ಲಂಗ ಹಾಕಿಕೊಂಡು ಬಂದರೆ ಶೆಟ್ಟರು ಆ ಚೌಕಗಳನ್ನು ತೋರಿಸಿ, “ಕುಂಟು ನೋಡಾನ ಕೂಸೇ, ಗೆರೆ ತುಳೀಬ್ಯಾಡ” ಎನ್ನುತ್ತಿದ್ದರು. ಒಂಟಿಕಾಲಲ್ಲಿ ಕುಂಟೆಬಿಲ್ಲೆ ಆಡಿಕೊಂಡು ಅಂಗಡಿಯ ಆ ತುದಿಗೆ ಹೋಗಿ ಬರಬೇಕು. ಆಮೇಲೆ ಊಟಕ್ಕೆ ಕೂತಂತೆ ಚಕ್ಕಳಮಕ್ಕಳ ಹಾಕಿ ಕೂರಬೇಕು. ಕಾಲು ತೊಡರಿತೋ, ಕಂಕುಳಲ್ಲಿ ಹಿಡಿಯಿತೋ, ಆ ಬಟ್ಟೆ ಅಲ್ಲಿಗೆ ಮುಗಿಯಿತು. ಅಪ್ಪನಿಗೆ ಎಷ್ಟೇ ಇಷ್ಟವಾಗಿದ್ದರೂ ಅದನ್ನು ಮಡಿಸಿ ಒಳಗಿಟ್ಟುಬಿಡುತ್ತಿದ್ದರು.

ಅವರಿಗೆ ಹೆಣ್ಣುಮಕ್ಕಳೆಲ್ಲ ಕೂಸುಗಳೇ. ಎತ್ತಿಕೊಂಡು ಬಂದದ್ದೂ ಕೂಸು, ಜಡೆ ಹಾಕಿಕೊಂಡು ನಡೆದು ಬಂದದ್ದೂ ಕೂಸು. ಮದುವೆಯಾಗಿ ಮಗು ಎತ್ತಿಕೊಂಡು ಬಂದವಳನ್ನೂ ಕೂಸೇ ಎಂದು ಕರೆದಾಗ, ಅವಳು ಯಾರನ್ನು ಕರೆದದ್ದೆಂದು ತಿಳಿಯದೆ ಮಗುವಿನ ಮುಖ ನೋಡಿದ್ದನ್ನು ನಾನೇ ಕಂಡಿದ್ದೇನೆ.

ವ್ಯಾಪಾರದಲ್ಲಿ ಮಾತ್ರ ಅವರಂಥ ದಡ್ಡರಿಲ್ಲ. ಯಾರಿಗೇ ಆಗಲಿ ಒಂದು ಸೈಜು ದೊಡ್ಡದನ್ನೇ ಕೊಡುತ್ತಿದ್ದರು. ದೊಡ್ಡದಾಯಿತು ಎಂದು ವಾಪಸು ತಂದರೆ, “ಬಟ್ಟೆ ಬೆಳೆಯಾಕಿಲ್ಲ ಕಣವ್ವ, ಕೂಸು ಬೆಳೀತದೆ” ಎಂದು ವಾದಕ್ಕೆ ನಿಲ್ಲುತ್ತಿದ್ದರು. ಒಮ್ಮೆ ಕೊಬ್ಬರಿ ಮಂಡಿಯ ಸಾಹುಕಾರರೊಬ್ಬರು ಮಗಳ ಹುಟ್ಟುಹಬ್ಬಕ್ಕೆಂದು ನೆಲ ಗುಡಿಸುವಷ್ಟು ಉದ್ದದ, ಮೈತುಂಬ ಮಿಂಚಿನ ಗೌನು ಕೇಳಿದರು. ಶೆಟ್ಟರು ಆ ಮಗುವನ್ನು ನೋಡಿ, ಸಾಹುಕಾರರನ್ನು ನೋಡಿ, “ಹುಟ್ಟಿದಬ್ಬ ಈ ಕೂಸಿಂದಾ, ನಿಮ್ದಾ?” ಎಂದರು. ಅವರು ಸಿಟ್ಟಾಗಿ ಎದ್ದು ಹೋದರು. ಹೋದದ್ದೆಲ್ಲಿಗೆ? ಎದುರಿಗೇ ಇದ್ದ ಶೆಟ್ಟರ ಮಗನ ಅಂಗಡಿಗೆ. ಅಲ್ಲಿ ಗಾಜಿನ ಹಿಂದೆ ಬೊಂಬೆಗಳು ಅಂಥದೇ ಗೌನು ತೊಟ್ಟು ನಿಂತಿದ್ದವು. ಶೆಟ್ಟರು ತಮ್ಮ ಕಟ್ಟೆಯಿಂದಲೇ ಅದನ್ನು ನೋಡುತ್ತ, ಬೊಂಬೆ ಊಟಕ್ಕೆ ಕೂರುವುದಿಲ್ಲವಲ್ಲ, ಏನು ಹಾಕಿದರೂ ನಡೆಯುತ್ತದೆ ಎಂದು ನನಗೆ ಹೇಳಿದ್ದರು.

ದೊಡ್ಡವಳಾದ ಮೇಲೆ ನಾನೂ ಆ ಅಂಗಡಿಯನ್ನು ಮರೆತೆ. ಕೆಲಸ ಸಿಕ್ಕಿ, ಮದುವೆಯಾಗಿ ಅರಸೀಕೆರೆಯಲ್ಲೇ ಮನೆ ಮಾಡಿದರೂ ಆ ಬೀದಿಗೆ ಹೋಗುತ್ತಿದ್ದುದು ಕಡಿಮೆ. ಮತ್ತೆ ಹೋಗುವಂತಾದದ್ದು ನನ್ನ ಮಗಳಿಂದ.

ಅವಳಾಗ ಆರನೇ ತರಗತಿ. ವಯಸ್ಸಿಗಿಂತ ಎತ್ತರ. ಹಾರನಹಳ್ಳಿಯಲ್ಲಿ ನನ್ನ ದೊಡ್ಡಪ್ಪನ ಮನೆಯ ಗೃಹಪ್ರವೇಶ, ಹಾಕಿಕೊಳ್ಳಲು ಒಂದು ಸರಿಯಾದ ಬಟ್ಟೆ ಇಲ್ಲ. ಹಾಸನದಲ್ಲಿ ಅಂಗಡಿ ಅಂಗಡಿ ಅಲೆದು ಸಾಕಾಗಿ, ಭುಜದ ಹತ್ತಿರ ಬಟ್ಟೆ ಕತ್ತರಿಸಿದ್ದ ಒಂದು ಬಿಗಿಯಾದ ಮೇಲಂಗಿ ತಂದಿದ್ದೆ. ಬೇರೆ ಸಿಕ್ಕಿರಲಿಲ್ಲ. ಹೆಂಗಸರ ಪಂಕ್ತಿ ಊಟಕ್ಕೆ ಕೂತಾಗ ದೊಡ್ಡಪ್ಪನ ಸೊಸೆ ಪಾಯಸ ಬಡಿಸುತ್ತ ಬಂದವಳು ಮಗಳೆದುರು ನಿಂತಳು.

“ಏನೇ, ಇವ್ಳು ಮೈ ನೆರೆದ್ಲಾ? ಒಂದು ಮಾತು ಹೇಳ್ನಿಲ್ವಲ್ಲೇ ನಮಗೆ. ನೋಡಾಕೆ ಹಂಗೇ ಅವ್ಳೆ.”

ಪಂಕ್ತಿಗೆ ಪಂಕ್ತಿಯೇ ಕತ್ತು ಬಗ್ಗಿಸಿ ನೋಡಿತು. “ಇಲ್ಲ, ಇನ್ನೂ ಇಲ್ಲ” ಎಂದು ನಾನು ಹೇಳಿದ್ದು ಉರಿಯುವುದಕ್ಕೆ ಎಣ್ಣೆ ಸುರಿದಂತಾಯಿತು. ಮಗಳು ಎಲೆಯ ಮುಂದಿಂದ ಏಳಲಿಲ್ಲ, ತಿನ್ನಲೂ ಇಲ್ಲ. ಬಸ್ಸಿನಲ್ಲಿ ನನ್ನ ಸೀರೆಯ ಸೆರಗನ್ನು ಎಳೆದು ಎದೆಯ ಮೇಲೆ ಹೊದ್ದುಕೊಂಡೇ ಮನೆಗೆ ಬಂದಳು.

ಮಾರನೆಯ ದಿನ ಶಾಲೆಯ ನೀಲಿ ಸ್ವೆಟರು ಹಾಕಿಕೊಂಡಳು. ಯುಗಾದಿ ಕಳೆದ ಬಿಸಿಲು, ಮನೆಯ ಗೋಡೆ ಮುಟ್ಟಿದರೆ ಕೈ ಸುಡುತ್ತಿತ್ತು. ಯಾಕೆಂದು ಕೇಳಿದರೆ “ಚಳಿ ಅಮ್ಮ” ಎನ್ನುತ್ತಿದ್ದಳು. ಬೀದಿಯಲ್ಲಿ ಗೆಳತಿಯರು ಕರೆದರೆ ಕಿಟಕಿಯಿಂದಲೇ ಬರುವುದಿಲ್ಲವೆಂದು ಕೈಯಾಡಿಸುತ್ತಿದ್ದಳು. ಕತ್ತಿನ ಸುತ್ತ ಬೆವರುಸಾಲೆ ಎದ್ದಿತ್ತು. ಬೈದೆ, ಬೇಡಿಕೊಂಡೆ. ಆ ಸ್ವೆಟರು ಮಾತ್ರ ಇಳಿಯಲಿಲ್ಲ. ಮಗು ನನ್ನ ಕಣ್ಣೆದುರೇ ಮುದುಡುತ್ತಿತ್ತು, ನನಗೆ ಏನು ಮಾಡಬೇಕೆಂದು ತೋಚುತ್ತಿರಲಿಲ್ಲ.

ಮೈಗೆ ಹಗುರಾಗಿ, ನೋಡುವವರ ಕಣ್ಣಿಗೆ ಬೀಳದ ಹಾಗೆ ಒಂದು ಬಟ್ಟೆ ಸಿಕ್ಕರೆ ಸ್ವೆಟರು ತೆಗೆದಾಳು ಎಂದು ಮತ್ತೆ ಹುಡುಕತೊಡಗಿದೆ. ಕಚೇರಿ ಮುಗಿಸಿ ಅಂಗಡಿ, ಅಂಗಡಿ ಮುಗಿಸಿ ಅಡುಗೆ. ಹನ್ನೊಂದು ವರ್ಷದ ಹುಡುಗಿಗೆ ಎಂದರೆ ಎಲ್ಲರೂ ಎರಡು ಕಡೆ ಕೈ ತೋರಿಸುತ್ತಿದ್ದರು. ಒಂದು ಕಡೆ ಕರಡಿಮರಿಯ ಚಿತ್ರದ, ಬಲೆ ಬಟ್ಟೆಯ ಫ್ರಾಕು. ಅದರ ಜಿಪ್ಪು ಇವಳ ಬೆನ್ನಿನ ಅರ್ಧಕ್ಕೇ ನಿಲ್ಲುತ್ತಿತ್ತು. ಇನ್ನೊಂದು ಕಡೆ ಹೊಟ್ಟೆ ಕಾಣುವ, ಬೆನ್ನು ಕಾಣುವ ಬಟ್ಟೆ. ಎದೆಯ ಮೇಲೆ, ತಾಯಿಯಾದವಳು ಮಗಳಿಗೆ ಅರ್ಥ ಹೇಳಲಾಗದ ಇಂಗ್ಲಿಷ್ ಸಾಲು. “ಲೇಟೆಸ್ಟ್ ಮೇಡಂ, ಎಲ್ಲಾ ಮಕ್ಕಳೂ ಇದನ್ನೇ ಹಾಕೋದು.” ಅತ್ತ ದರಿ, ಇತ್ತ ಪುಲಿ. ಫೋನಿನಲ್ಲಿ ನೋಡಿ ತರಿಸಿದ್ದೆಲ್ಲ ಬಂದ ದಾರಿಯಲ್ಲೇ ವಾಪಸು ಹೋಯಿತು. ಆ ವಯಸ್ಸಿನ ಹುಡುಗಿಯರೇ ಲೋಕದಲ್ಲಿಲ್ಲವೇನೋ, ಎಲ್ಲರೂ ಮಲಗಿ ಎದ್ದು ಹೆಂಗಸರಾಗಿಬಿಡುತ್ತಾರೇನೋ ಅನ್ನಿಸಿ ತಲೆ ಕೆಟ್ಟಿತ್ತು.

ಬೇಲೂರಿನಲ್ಲಿರುವ ತಂಗಿ ಅಲ್ಲಿ ಯಾವುದೋ ಅಂಗಡಿ ಇದೆ ಎಂದಳು. ಒಂದು ಭಾನುವಾರ ಮಗಳನ್ನು ಕರೆದುಕೊಂಡು ಅಲ್ಲಿಗೂ ಹೋದೆ. ದೇವಸ್ಥಾನಕ್ಕೆ ಬಂದವರಿಗೆ ಮಾರುವ ಕಸೂತಿ ಚೀಲ, ಆನೆಯ ಚಿತ್ರದ ಪೈಜಾಮ, ಅಷ್ಟೇ. ಹಳೇಬೀಡಿನ ಮೇಲೆ ಬರುವ ಬಸ್ಸಿನಲ್ಲಿ ಮಾದಿಹಳ್ಳಿಯವರೆಗೂ ನಿಂತೇ ಬಂದೆವು. ಪಕ್ಕದಲ್ಲಿ ಸ್ವೆಟರಿನೊಳಗೆ ಬೇಯುತ್ತಿದ್ದ ಮಗಳನ್ನು ನೋಡಲು ನನಗೆ ಧೈರ್ಯವಿರಲಿಲ್ಲ. ಅರಸೀಕೆರೆಯಲ್ಲಿ ಇಳಿದಾಗ ಕಾಲು ಮುಂದೆ ಹೋಗಲೊಲ್ಲದು. ಹಿಂದಿನ ಬೀದಿಗೆ ತಿರುಗಿ, ನೆರಳಿದ್ದ ಒಂದು ಕಟ್ಟೆಯ ಮೇಲೆ ಕೂತುಬಿಟ್ಟೆ. ಕೂತ ಮೇಲೆ ತಿಳಿಯಿತು, ಅದು ಶೆಟ್ಟರ ಅಂಗಡಿಯ ಕಟ್ಟೆ.

“ಯಾಕೆ ಕೂಸೇ, ಮಕ ಬಾಡೈತಲ್ಲ?”

ಮಗಳು ಬೆಚ್ಚಿ ಸ್ವೆಟರಿನ ತೋಳು ಎಳೆದುಕೊಂಡಳು. ಆದರೆ ಶೆಟ್ಟರು ಕೇಳಿದ್ದು ನನ್ನನ್ನು. ನಲವತ್ತರ ಹತ್ತಿರ ಬಂದವಳನ್ನು ಒಬ್ಬರು ಕೂಸೇ ಎಂದರೆ ಅಳು ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ಮಗಳಿಗೆ ಕೇಳಿಸದಷ್ಟು ಮೆಲ್ಲಗೆ ಪಂಕ್ತಿಯ ಮಾತನ್ನೂ ಸ್ವೆಟರಿನ ಕಥೆಯನ್ನೂ ಹೇಳಿದೆ. ಅವರು ಒಳಗೆ ಕರೆದು, ಮಗಳೆದುರು ಲಟಕ್ ಲಟಕ್ ಎಂದು ಕೂತರು. ಸ್ವೆಟರಿನ ಕಡೆ ಕಣ್ಣು ಹಾಯಿಸಲಿಲ್ಲ.

“ನಿಮ್ಮವ್ವ ಕುಂಟೆಬಿಲ್ಲೆಲಿ ಸ್ಯಾನೆ ಜೋರಿದ್ಲು. ಗೊತ್ತೇನವ್ವ ನಿಂಗೆ?”

ಅವಳು ಇಲ್ಲವೆಂದು ತಲೆಯಾಡಿಸಿದಳು.

“ಬಾ ಕೂಸೇ, ತೋರ್ಸು” ಎಂದು ನನ್ನ ಕಡೆ ತಿರುಗಿದರು.

“ಸುಮ್ನಿರಿ ಶೆಟ್ರೇ. ಸೀರೆ ಉಟ್ಟಿದೀನಿ, ನಡೆಯೋಕೇ ಆಗ್ತಿಲ್ಲ ನಂಗೆ.”

“ಎತ್ತಿ ಸಿಗುಸ್ಕೊ.”

ಬೇರೆ ಯಾರು ಹೇಳಿದ್ದರೂ ನಾನು ಕೇಳುತ್ತಿರಲಿಲ್ಲ. ಚಪ್ಪಲಿ ಬಿಟ್ಟು, ನೆರಿಗೆ ಎತ್ತಿ ಸಿಕ್ಕಿಸಿ, ಕುಂಟಿದೆ. ಅಂಗಡಿಯ ಅರ್ಧಕ್ಕೆ ಹೋಗುವಷ್ಟರಲ್ಲಿ ಆಯ ತಪ್ಪಿ ಟವೆಲ್ಲುಗಳ ರಾಶಿಯ ಮೇಲೆ ಬಿದ್ದೆ. ಬಿದ್ದಲ್ಲೇ ಇರೋಣ, ಏಳುವುದೇ ಬೇಡ ಅನ್ನಿಸಿತು. ಆಗ ನಗು ಕೇಳಿಸಿತು. ಎಷ್ಟೋ ದಿನದಿಂದ ಕೇಳದಿದ್ದ ನಗು.

“ಗೆರೆ ತುಳಿದೆ ಅಮ್ಮ. ಔಟ್. ಹಂಗಲ್ಲ, ನೋಡಿಲ್ಲಿ.”

ಮಗಳು ಹೋಗಿ ಬಂದಳು. ಮತ್ತೊಮ್ಮೆ ಹೋಗಿ ಬಂದಳು. ಬೆವರು ಕಣ್ಣಿಗಿಳಿಯಿತು. ಉಸ್ ಎಂದು ಸ್ವೆಟರನ್ನು ತಲೆಯ ಮೇಲಿಂದ ಎಳೆದು ಗಲ್ಲಾದ ಮೇಲೆ ಎಸೆದು, ಇನ್ನೊಂದು ಸಲ ಕುಂಟಿದಳು. ಶೆಟ್ಟರು ಅದನ್ನು ನೋಡೇ ಇಲ್ಲವೆಂಬಂತೆ ಬೆನ್ನು ತಿರುಗಿಸಿ ಕಪಾಟಿನಲ್ಲಿ ಏನನ್ನೋ ಹುಡುಕುತ್ತಿದ್ದರು.

ಹುಡುಕಿ ತೆಗೆದದ್ದು ಒಂದು ಹತ್ತಿಯ ಅಂಗಿ, ಮಂಡಿಯ ಕೆಳಗೆ ಬರುವ ಒಂದು ಲಂಗ. ಮಾಸಲು ನೀಲಿ ಬಣ್ಣ, ಅರ್ಧ ತೋಳು, ಎರಡೂ ಕಡೆ ಜೇಬು. ಮಿಂಚಿಲ್ಲ, ಅಕ್ಷರವಿಲ್ಲ. ಎಂದಿನಂತೆ ಒಂದು ಸೈಜು ದೊಡ್ಡದು.

“ದೊಡ್ದಾಯ್ತಲ್ಲ ಶೆಟ್ರೇ?”

“ಇರ್ಲಿ ಬುಡು. ಬಟ್ಟೆ ದೊಡ್ದಾಗಿರ್ಲಿ. ಕೂಸು ಇನ್ನೊಂದಷ್ಟು ದಿನ ಚಿಕ್ಕದಾಗಿರ್ಲಿ.”

ಅವಳು ಅದನ್ನು ತೊಟ್ಟೇ ಮನೆಗೆ ಬಂದಳು. ಜೇಬಿಗೆ ಕೈ ಹಾಕಿಕೊಂಡು ನನಗಿಂತ ಮುಂದೆ ನಡೆದಳು. ಸಂಜೆ ಬೀದಿಗೆ ಹೋದಳು. ಹಾರನಹಳ್ಳಿಗೂ ಅದನ್ನೇ ಹಾಕಿಕೊಂಡು ಬಂದಳು, ಯಾರು ಏನು ಅಂದರೋ ನಮಗಿಬ್ಬರಿಗೂ ನೆನಪಿಲ್ಲ. ಮುಂದಿನ ವರ್ಷ ಮೈ ನೆರೆದಾಗ ಬಂದು ನೇರವಾಗಿ ಹೇಳಿ, “ಆಡೋಕೆ ಹೋಗ್ಬೋದಾ ಅಮ್ಮ?” ಎಂದು ಕೇಳಿದಳು. ಹೊಟ್ಟೆ ನೋಯದಿದ್ದರೆ ಹೋಗು ಎಂದೆ. ಆ ಮಾತು ನನ್ನ ಬಾಯಿಂದ ಅಷ್ಟು ಸಲೀಸಾಗಿ ಬರಲು ಕಾರಣ ಶೆಟ್ಟರು. ಆ ಋಣ ನಾನು ತೀರಿಸಲಿಲ್ಲ.

ಮಗಳೀಗ ಒಂಬತ್ತನೇ ತರಗತಿ. ಹೋದ ತಿಂಗಳು ಶೆಟ್ಟರು ಹೋದರು. ಸುದ್ದಿ ತಿಳಿದು ಇಬ್ಬರೂ ಅವರ ಮನೆಗೆ ಹೋದೆವು. ಅವರ ಪದ್ಧತಿಯಂತೆ ಕೂರಿಸಿದ್ದರು. ಹಜಾರದ ಗೋಡೆಗೆ ಒರಗಿಸಿ, ಚಕ್ಕಳಮಕ್ಕಳ ಹಾಕಿಸಿ, ಹಣೆ ತುಂಬ ವಿಭೂತಿ ಬಳಿದಿದ್ದರು. ಮಗ ತನ್ನ ಅಂಗಡಿಯಿಂದ ಹೊಸ ಬಿಳಿ ಶರ್ಟು ತಂದು ತೊಡಿಸಿದ್ದ. ಗರಿಗರಿಯಾದ ಕಾಲರು, ಮೇಲಿನ ಗುಂಡಿಯವರೆಗೂ ಹಾಕಿತ್ತು. ಕತ್ತಿನ ಚರ್ಮ ಅದರ ಮೇಲೆ ಮಡಿಕೆ ಬಿದ್ದಿತ್ತು.

“ಅಮ್ಮ, ತಾತಂಗೆ ಅದು ಬಿಗಿ ಅಲ್ವಾ?”

“ಸುಮ್ನಿರು, ಎಲ್ರೂ ನೋಡ್ತಾರೆ” ಎಂದೆ. ಅಷ್ಟೆಲ್ಲ ಆದ ಮೇಲೂ ನನ್ನ ಬಾಯಿಗೆ ಬಂದದ್ದು ಆ ಮಾತೇ.

ಅವಳು ನನ್ನ ಕೈ ಬಿಡಿಸಿಕೊಂಡು, ಕೂತಿದ್ದ ಹೆಂಗಸರ ನಡುವೆ ದಾರಿ ಮಾಡಿಕೊಂಡು ಮುಂದೆ ಹೋದಳು. ಶೆಟ್ಟರ ಮಗನ ಹತ್ತಿರ ನಿಂತು, ಎಲ್ಲರಿಗೂ ಕೇಳುವ ಹಾಗೆ, “ಮಾಮ, ಮೇಲಿನ ಗುಂಡಿ ಬಿಚ್ಚಿ. ತಾತಂಗೆ ಬಿಗಿ ಆಗಿದೆ” ಎಂದಳು. ಹಜಾರದ ಅಷ್ಟೂ ಕಣ್ಣು ಅವಳ ಮೇಲಿದ್ದವು. ಅವಳು ಕದಲಲಿಲ್ಲ. ಆತ ಅವಳನ್ನು ನೋಡಿದ, ಅಪ್ಪನನ್ನು ನೋಡಿದ, ಒಂದು ಗುಂಡಿ ಬಿಚ್ಚಿದ. ಸ್ವಲ್ಪ ತಡೆದು ಇನ್ನೊಂದನ್ನೂ ಬಿಚ್ಚಿದ.

ಮಗಳು ಶೆಟ್ಟರ ಮುಖಕ್ಕೆ ತನ್ನ ಮುಖ ಸಮವಾಗುವಂತೆ ಕುಕ್ಕರಗಾಲಿನಲ್ಲಿ ಕೂತು, ಸರಿಯಾಯಿತೇ ಎಂದು ನೋಡಿದಳು.