ಸೇರು ಒದ್ದು ಶಾಲೆಗೆ ಬಂದವಳು

ಬೇಸಿಗೆ ರಜೆ ಮುಗಿಯುವ ಹೊತ್ತಿಗೆ ನಮ್ಮ ಇಲಾಖೆಯಿಂದ ತಪ್ಪದೆ ಒಂದು ಸುತ್ತೋಲೆ ಬರುತ್ತದೆ. ಶಾಲಾ ಪ್ರಾರಂಭೋತ್ಸವವನ್ನು ಹಬ್ಬದ ವಾತಾವರಣದಲ್ಲಿ ಆಚರಿಸಬೇಕು, ತಳಿರುತೋರಣ ಕಟ್ಟಬೇಕು, ಮಕ್ಕಳಿಗೆ ಸಿಹಿಯೂಟ ಹಾಕಬೇಕು. ಅದನ್ನು ಓದಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು. ಹಬ್ಬ ಮಾಡೋಣ ಸ್ವಾಮಿ, ಬೇಡ ಅಂದವರ್ಯಾರು? ಹಬ್ಬಕ್ಕೆ ಮಕ್ಕಳನ್ನು ಎಲ್ಲಿಂದ ತರೋದು ಅನ್ನುವುದನ್ನು ಮಾತ್ರ ಅದರಲ್ಲಿ ಯಾರೂ ಬರೆದಿರುವುದಿಲ್ಲ.

ನಾನು ಮುಖ್ಯಶಿಕ್ಷಕಿಯಾಗಿದ್ದ ಶಾಲೆ ಕಟ್ಟಾಯದ ಕಡೆಯ ಒಂದು ಹಳ್ಳಿಯಲ್ಲಿತ್ತು. ದಿನಾ ಹಾಸನದಿಂದ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಎರಡು ಕೋಣೆ, ಒಂದು ಜಗಲಿ, ಒಂದು ಹೊಂಗೆ ಮರ, ನಾನು, ನನ್ನ ಜೊತೆಗೊಬ್ಬ ಹುಡುಗು ಮೇಷ್ಟ್ರು. ಆ ವರ್ಷ ಒಂದನೇ ತರಗತಿಗೆ ಹೆಸರು ಬರೆಸಿದ್ದು ಊರಿನ ದರ್ಜಿಯ ಅವಳಿ ಮಕ್ಕಳಿಬ್ಬರದು ಮಾತ್ರ. ಹೀಗೇ ಇಳಿಯುತ್ತ ಹೋದರೆ ಪಕ್ಕದೂರಿನ ಶಾಲೆಗೆ ಸೇರಿಸಿ ಇಲ್ಲಿಗೆ ಬೀಗ ಹಾಕುತ್ತಾರೆ ಎಂದು ಮೀಟಿಂಗಿನಲ್ಲಿ ನಮ್ಮ ಕಿವಿಗೆ ಹಾಕಿದ್ದರು. ನಾನು ಮನೆಮನೆ ತಿರುಗಿದೆ. ಹೋದ ಕಡೆಯಲ್ಲೆಲ್ಲ ಒಂದೇ ಉತ್ತರ: "ಅಧ್ಯಕ್ಷರ ಮೊಮ್ಮಗ್ಳು ಬಂದ್ರೆ ನಮ್ದೂ ಬತ್ತದೆ ಕಣಿ ಮೇಡಮ್ಮ."

ಅಧ್ಯಕ್ಷರೆಂದರೆ ಶಾಲಾ ಸಮಿತಿಯ ಹಳೆಯ ಅಧ್ಯಕ್ಷರು. ಕಾಗದದ ಮೇಲೆ ಆಮೇಲೆ ಯಾರ್‍ಯಾರೋ ಬಂದು ಹೋದರೂ ಊರು ಅಧ್ಯಕ್ಷರೆಂದು ಕರೆಯುತ್ತಿದ್ದುದು ಅವರನ್ನೇ. ಶಾಲೆಗೆ ಜಾಗ ಬಿಟ್ಟುಕೊಟ್ಟವರು ಅವರ ತಾತ. ಜೋಳ, ಆಲೂಗೆಡ್ಡೆ, ತೆಂಗು ಎಲ್ಲ ಇದ್ದ ದೊಡ್ಡ ಕುಳ. ಶಾಲೆಯ ವಿಷಯ ಬಂದರೆ ಎದೆ ಉಬ್ಬಿಸಿ ಮಾತಾಡುತ್ತಿದ್ದರು. ಆದರೆ ಅವರ ಮೊಮ್ಮಗಳಿಗೆ ಹಾಸನದ ಕಾನ್ವೆಂಟಿನಲ್ಲಿ ಸೀಟು ಸಿಕ್ಕಿ, ಶೂ, ಸಾಕ್ಸು, ಟೈ ಎಲ್ಲ ಮನೆಗೆ ಬಂದಾಗಿತ್ತು.

ಅದು ಸೊಸೆಯ ತೀರ್ಮಾನ. ಅರಕಲಗೂಡು ಕಡೆಯ ಹೆಣ್ಣುಮಗಳು, ಮಾತು ಕಡಿಮೆ. ಅವಳನ್ನು ಒಪ್ಪಿಸೋಣವೆಂದು ನಾನೇ ಅವರ ಮನೆಗೆ ಹೋಗಿದ್ದೆ. ಕಾಫಿ ಕೊಟ್ಟಳು. ನಾನು ಒಂದೇ ಉಸಿರಿನಲ್ಲಿ ಪುಸ್ತಕ ಬಿಟ್ಟಿ, ಬಟ್ಟೆ ಬಿಟ್ಟಿ, ಹಾಲು, ಮೊಟ್ಟೆ, ಬಿಸಿಯೂಟ, ಈ ಸಲದ ಪ್ರಾರಂಭೋತ್ಸವ ಭಾರೀ ಜೋರು ಎಂದೆಲ್ಲ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡು, "ಎಲ್ಲ ಏಳಿದ್ರಿ ಮೇಡಂ, ಪಾಠದ ವಿಷ್ಯ ಏಳ್ಲೇ ಇಲ್ಲ," ಎಂದು ಲೋಟ ತೆಗೆದುಕೊಂಡು ಒಳಗೆ ಹೋದಳು. ಬಸ್ ಸ್ಟಾಪಿನವರೆಗೂ ನಾನು ಒಬ್ಬಳೇ ಬೈದುಕೊಂಡು ನಡೆದೆ. ಎಷ್ಟು ಕೊಬ್ಬು ಇವಳಿಗೆ ಅಂದುಕೊಂಡೆ.

ಉತ್ಸವದ ಪೂರ್ವಭಾವಿ ಸಭೆ ಶಾಲೆಯ ಜಗಲಿಯಲ್ಲಿ ನಡೆಯಿತು. ಅಧ್ಯಕ್ಷರು ಹೆಂಡತಿಯನ್ನೂ ಕರೆದುಕೊಂಡು ಬಂದಿದ್ದರು.

"ಗ್ರಾಂಡಾಗೇ ಮಾಡ್ಬುಡವ ಮೇಡಮ್ನೋರೆ," ಎಂದು ಶುರು ಮಾಡಿದರು. "ಶಾಮಿಯಾನ ನಂದು, ಟ್ರಾಕ್ಟ್ರು ನಂದು. ಮೈಕ್ ಸೆಟ್ಟು ಒಳೆನರಸೀಪುರ್ದಿಂದ ತರುಸ್ತೀನಿ. ಮಕ್ಳನ್ನ ಟ್ರಾಕ್ಟ್ರಲ್ಲಿ ಕೂರ್ಸಿ ಊರೆಲ್ಲ ಮೆರೆಸವ."

"ಟ್ರ್ಯಾಕ್ಟರು ಸರಿ. ಕೂರಿಸೋದಕ್ಕೆ ಮಕ್ಕಳೆಲ್ಲಿ? ನಿಮ್ಮ ಮೊಮ್ಮಗಳು ಬರ್ತಾಳಾ?"

ಅಧ್ಯಕ್ಷರು ಹೆಗಲ ಮೇಲಿನ ಟವೆಲ್ ತೆಗೆದು ಒದರಿ, ಮತ್ತೆ ಹಾಕಿಕೊಂಡರು. "ಅದೆಲ್ಲ ಸೊಸೆ ಕಾರುಬಾರು ಕಣಿ. ನನ್ ಮಾತೆಲ್ಲಿ ನಡೀತದೆ? ಆದ್ರೂ ನೀವ್ ಯೋಚ್ನೆ ಮಾಡ್ಬೇಡಿ. ಅವತ್ತೊಂದಿನ ಮಗೀನ ಕಳುಸ್ತೀನಿ. ಮೆರವಣಿಗೇಲಿ ಕೂರ್ಸಿ, ಫೋಟೋ ತಕ್ಕಳಿ. ಕಾನ್ವೆಂಟ್ ವ್ಯಾನು ಬರಾದು ಮಾರ್ನೇ ದಿನ."

ನನಗೆ ಪಿತ್ತ ನೆತ್ತಿಗೇರಿತು. "ಮೊಮ್ಮಗಳೇನು ಶಾಮಿಯಾನವೇನ್ರೀ? ಒಂದು ದಿನಕ್ಕೆ ತಂದು ಕಟ್ಟಿ, ಸಂಜೆ ಬಿಚ್ಚಿಕೊಂಡು ಹೋಗೋಕೆ?"

ಹುಡುಗು ಮೇಷ್ಟ್ರು ಗಾಬರಿಯಾಗಿ ಹೆಂಚು ಎಣಿಸತೊಡಗಿದರು. ಅಧ್ಯಕ್ಷರಿಗೆ ಬೇಜಾರೇನೂ ಆಗಲಿಲ್ಲ. ಅವರ ಹೆಂಡತಿ ಮಾತ್ರ ಬಾಯಲ್ಲಿದ್ದ ಎಲೆಯಡಿಕೆಯನ್ನು ಅತ್ತ ಉಗಿದು ಬಂದು ಕೂತು, "ನೀವ್ ಸುಮ್ಕಿರಿ," ಎಂದು ಗಂಡನಿಗೆ ಹೇಳಿ ನನ್ನ ಕಡೆ ತಿರುಗಿದರು. "ಒಸ್ದಾಗಿ ಒಳಿಕ್ ಬರೋರ್ನ ಎಂಗ್ ಕರ್ಕಬೇಕು ಅಂತ ನಮಗ್ ಗೊತ್ತಿಲ್ವಾ ತಾಯಿ? ಆ ಜವಾಬ್ದಾರಿ ನಂಗ್ ಬುಡಿ. ನಮ್ ಎಂಗಸ್ರೆಲ್ಲ ಸೇರ್ಕಂಡು ಸಾಸ್ತ್ರವಾಗಿ ಮಾಡ್ತೀವಿ."

ಆರತಿ ಎತ್ತಬಹುದು, ಎರಡು ಹಾಡು ಹೇಳಬಹುದು ಅಂದುಕೊಂಡು ನಾನು ಹೂಂ ಅಂದೆ.

ಉತ್ಸವದ ಹಿಂದಿನ ದಿನ ಪೂರ್ತಿ ಸಿಂಗಾರದಲ್ಲೇ ಕಳೆಯಿತು. ಮಾವಿನ ಸೊಪ್ಪು ಕಟ್ಟಿದೆವು, ಬಲೂನು ಊದಿದೆವು. ಗೇಟಿನಿಂದ ಬಾಗಿಲವರೆಗೂ ರಂಗೋಲಿ ಬೇಕೆಂದು ನನಗೆ ಹಟ. ಅರ್ಧಕ್ಕೇ ಪುಡಿ ಮುಗಿಯಿತು. ಅಂಗಡಿ ಹುಡುಕಿಕೊಂಡು ಯಾರು ಹೋಗುತ್ತಾರೆ? ಬೀರುವಿನಲ್ಲಿದ್ದ ಸೀಮೆಸುಣ್ಣವನ್ನೆಲ್ಲ ತೆಗೆಸಿ ಕುಟ್ಟಿಸಿ ಹಾಕಿಸಿದೆ. ಬಣ್ಣದ ಸೀಮೆಸುಣ್ಣವನ್ನೂ ಬಿಡಲಿಲ್ಲ. ಎಂಥ ತಲೆ ನನ್ನದು ಎಂದು ನನಗೇ ಮೆಚ್ಚುಗೆಯಾಯಿತು.

ಅವತ್ತು ರಾತ್ರಿ ಹದವಾದ ಮಳೆ ಬಿತ್ತು. ರಂಗೋಲಿ ತೊಳೆದುಹೋಯಿತು ಅನ್ನುವುದು ಹಾಗಿರಲಿ, ಊರಿನ ಗಂಡಸರೆಲ್ಲ ಬೆಳಗಾಗುತ್ತಲೇ ಆಲೂಗೆಡ್ಡೆ ಬಿತ್ತನೆಗೆ ಹೊರಟುಬಿಟ್ಟರು. ಅಲಂಕಾರ ಮಾಡಿಕೊಂಡು ಬರಬೇಕಾಗಿದ್ದ ಟ್ರ್ಯಾಕ್ಟರು ಬಿತ್ತನೆಗೆಡ್ಡೆಯ ಮೂಟೆ ಹೇರಿಕೊಂಡು ಬಂತು. "ಇಳಿಸೋಕ್ ಟೇಮಿಲ್ಲ, ಮಕ್ಳು ಮ್ಯಾಲೇ ಕೂತ್ಕಳ್ಳಿ," ಎಂದರು ಅಧ್ಯಕ್ಷರು. ಅವಳಿ ಮಕ್ಕಳು, ಅಧ್ಯಕ್ಷರ ಮೊಮ್ಮಗಳು, ನಮ್ಮ ಹಳೆಯ ವಿದ್ಯಾರ್ಥಿಗಳು ಎಲ್ಲ ಮೂಟೆಗಳ ಮೇಲೆ ಏರಿ ಕೂತರು. ಮುಂದೆ ಅಧ್ಯಕ್ಷರ ಹೆಂಡತಿ ಮೈಕು ಹಿಡಿದು ನಡೆದರು, ಅವರ ಹಿಂದೆ ಹಿತ್ತಾಳೆ ತಟ್ಟೆ, ಕಳಸ ಹಿಡಿದು ಊರಿನ ಹೆಂಗಸರು. ಸೋಬಾನೆ ಶುರುವಾಯಿತು.

ಮೊದಲನೆಯ ಹಾಡು ಚೆನ್ನಾಗಿಯೇ ಇತ್ತು. ಬರಮಾಡಿಕೊಳ್ಳುವ ಹಾಡು. ಮಕ್ಕಳು ಕೈ ಬೀಸುತ್ತಿದ್ದರು. ಆದರೆ ಗೆಡ್ಡೆಯ ಭಾರಕ್ಕೆ ಕೆಸರಿನಲ್ಲಿ ಟ್ರ್ಯಾಕ್ಟರು ತೆವಳುತ್ತಿತ್ತು. ಶಾಲೆ ಇನ್ನೂ ದೂರ ಇರುವಾಗಲೇ ಹಾಡು ಮುಗಿಯಿತು. ಹೆಂಗಸರು ಮದುವೆ ಮನೆಯ ರೂಢಿಯಲ್ಲಿ, ಯೋಚನೆಯನ್ನೇ ಮಾಡದೆ, ಮುಂದಿನದಕ್ಕೆ ಹೋದರು. ಮುಂದಿನದು ಹೆಣ್ಣೊಪ್ಪಿಸುವ ಹಾಡು.

ಹೆಣ್ಣೊಪ್ಪಿಸುವ ಹಾಡನ್ನು ನಮ್ಮ ಕಡೆಯವರು ಅಳದೆ ಹೇಳಿದ್ದನ್ನು ನಾನು ಕಂಡಿಲ್ಲ. ಎರಡನೆಯ ಸಾಲಿಗೇ ಅಧ್ಯಕ್ಷರ ಹೆಂಡತಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಮೈಕಿನಲ್ಲೇ ಬಿಕ್ಕಿದರು. ಹಿಂದಿದ್ದವರಿಗೂ ಗಂಡನ ಮನೆಗೆ ಕಳಿಸಿದ ತಂತಮ್ಮ ಹೆಣ್ಣುಮಕ್ಕಳೆಲ್ಲ ನೆನಪಾದರು. ಅಯ್ಯೋ, ಆ ಅಳು! ಅಜ್ಜಿಯರು ಅಳುವುದನ್ನು ನೋಡಿ ಅವಳಿ ಮಕ್ಕಳು ತಮ್ಮನ್ನು ಎಲ್ಲಿಗೋ ಕೊಟ್ಟುಬಿಡುತ್ತಿದ್ದಾರೆಂದು ತಿಳಿದು ಕಿಟಾರನೆ ಕಿರುಚಿಕೊಂಡರು. ಒಬ್ಬ ಮೂಟೆಯಿಂದ ಜಾರಿ ತಾಯಿಯ ಕಾಲು ತಬ್ಬಿದ. ವರ್ಷಗಟ್ಟಲೆಯಿಂದ ಶಾಲೆಗೆ ಬರುತ್ತಿದ್ದ ದೊಡ್ಡ ಮಕ್ಕಳೂ ಬಾಯಿ ತೆಗೆದರು. ಮೊಸಳೆ ಅನ್ನುವ ಊರಿನ ಕಡೆಯಿಂದ ಬರುತ್ತಿದ್ದ ಬೈಕಿನವನೊಬ್ಬ ಗಾಡಿ ನಿಲ್ಲಿಸಿ, ಚಪ್ಪಲಿ ಕಳಚಿ, "ಯಾರ್ ಓಗ್ಬುಟ್ರು ಸಾ?" ಎಂದು ಹುಡುಗು ಮೇಷ್ಟ್ರನ್ನು ಮೆಲ್ಲಗೆ ಕೇಳಿದ.

"ನಿಲ್ಸಿ! ಹಾಡು ನಿಲ್ಸಿ!" ಎಂದು ನಾನು ಕೂಗಿದೆ. ಯಾರಿಗೆ ಕೇಳಬೇಕು? ಮೈಕು ಅವರ ಕೈಯಲ್ಲಿತ್ತು.

ಆ ಗದ್ದಲದಲ್ಲೇ ಟ್ರ್ಯಾಕ್ಟರು ಶಾಲೆ ಮುಟ್ಟಿತು. ಅಳದವಳು ಒಬ್ಬಳೇ, ಅಧ್ಯಕ್ಷರ ಮೊಮ್ಮಗಳು. ಅವಳ ಕಣ್ಣೆಲ್ಲ ಶಾಲೆಯ ಹೊಸ್ತಿಲ ಮೇಲೆ. ಅಲ್ಲಿ, ನನಗೆ ಒಂದು ಮಾತೂ ಹೇಳದೆ, ಅವಳ ಅಜ್ಜಿ ಅಕ್ಕಿ ತುಂಬಿದ ಹಿತ್ತಾಳೆ ಸೇರು ಇಟ್ಟಿದ್ದರು. ಮದುಮಗಳನ್ನು ಮನೆ ತುಂಬಿಸಿಕೊಳ್ಳುವಾಗ ಇಡುತ್ತಾರಲ್ಲ, ಅದೇ.

"ಒದೀಲಾ ಅಜ್ಜಿ?"

"ಬಲಗಾಲಲ್ಲಿ ಕಣವ್ವ, ಮೆಲ್ಲುಕೆ," ಎಂದು ಅಜ್ಜಿ ಮೂಗೊರೆಸಿಕೊಂಡರು.

ಮೆಲ್ಲಗೆ ಎಲ್ಲಿ ಬಂತು! ಫುಟ್‌ಬಾಲ್ ಒದ್ದ ಹಾಗೆ ಒದ್ದಳು. ಸೇರು ಠಣಠಣ ಉರುಳಿ ಬೋರ್ಡಿನ ಕೆಳಗೆ ಹೋಗಿ ನಿಂತಿತು. ಕೋಣೆ ತುಂಬ ಅಕ್ಕಿ. ಅಳುತ್ತಿದ್ದ ಹೆಂಗಸರು ಅದೇ ಕಣ್ಣೀರಿನಲ್ಲಿ ನಕ್ಕು ಚಪ್ಪಾಳೆ ತಟ್ಟಿದರು. ಅವಳಿಗಳಿಗೆ ತಾವೂ ಒದೆಯಬೇಕೆನಿಸಿ ಅಳು ನಿಂತಿತು. ತುಳಿಯಬಾರದ ಅಕ್ಕಿ ಎಂದು ಅಜ್ಜಿ ಅದನ್ನು ಬಳಿದು ಬಿಸಿಯೂಟದ ತಟ್ಟೆಗೆ ತುಂಬಿಸಿ ಬೀರುವಿನ ಮೇಲೆ ಇಡಿಸಿದರು. ಶ್ಯಾವಿಗೆ ಪಾಯಸ ಬಡಿಸಿದೆವು. ಸೊಸೆ ಗೇಟಿನ ಹತ್ತಿರ ಕೈಕಟ್ಟಿ ನಿಂತು ಎಲ್ಲವನ್ನೂ ನೋಡುತ್ತಿದ್ದಳು. ಹಾಡಿರಲಿಲ್ಲ, ಅತ್ತಿರಲಿಲ್ಲ. ಪಾಯಸ ಮುಗಿಯುತ್ತಲೇ ಮಗಳನ್ನು ಕರೆದುಕೊಂಡು ಹೋದಳು. ಮುಗಿಯಿತು ಕಥೆ, ಶಾಮಿಯಾನವನ್ನೂ ಬಿಚ್ಚಿದರು, ಮೊಮ್ಮಗಳನ್ನೂ ಬಿಚ್ಚಿಕೊಂಡು ಹೋದರು ಎಂದುಕೊಂಡು ನಾನು ಬಸ್ಸು ಹತ್ತಿದೆ.

ಮಾರನೆಯ ದಿನ ಬಸ್ಸು ಇಳಿದರೆ ಅಧ್ಯಕ್ಷರ ಮನೆಯ ಮುಂದೆ ಜಾತ್ರೆ. ಹಳದಿ ವ್ಯಾನು ಹಾರ್ನ್ ಹೊಡೆಯುತ್ತಿದೆ. ಮಗು ಟೈ ಕಟ್ಟಿಕೊಂಡು, ಹೊಳೆಯುವ ಶೂ ಹಾಕಿಕೊಂಡು ನಿಂತಿದೆ. ಅಜ್ಜಿ ಗೇಟಿಗೆ ಅಡ್ಡ ನಿಂತಿದ್ದಾರೆ.

"ನೆನ್ನೆ ತಾನೆ ಸೇರು ಒದ್ದು ಆ ಮನೆ ಒಳಿಕ್ ಓಗವ್ಳೆ," ಎನ್ನುತ್ತಿದ್ದರು. "ಮಾರ್ನೇ ದಿನ್ವೇ ಇನ್ನೊಂದ್ ಮನೇಗ್ ಕಳ್ಸದಾ? ಎಂತಾ ಮಾತಾಡ್ತೀಯ ನೀನು!"

"ಅದು ಸ್ಕೂಲು ಅತ್ತೆ!"

"ಸ್ಕೂಲಾದ್ರೇನು? ಒಸ್ಲು ಒಸ್ಲೇ."

ಹಿಂದಿನ ದಿನ ಹಾಡಿ ಅತ್ತ ಹೆಂಗಸರೆಲ್ಲ ಅಲ್ಲೇ ನೆರೆದಿದ್ದರು. ಅಷ್ಟು ಅತ್ತು ಕಳಿಸಿಕೊಟ್ಟಮೇಲೆ ಇದೇನು ಅನ್ಯಾಯ ಎನ್ನುವ ಮುಖ ಅವರದು. ಅಧ್ಯಕ್ಷರನ್ನು ಹುಡುಕಿದೆ. ಟ್ರ್ಯಾಕ್ಟರಿನ ಹಿಂದೆ ಕೂತು, ಏನೂ ಆಗದ ಚಕ್ರದ ನಟ್ಟು ತಿರುವುತ್ತಿದ್ದರು. ವ್ಯಾನಿನವನಿಗೆ ಕಾದು ಕಾದು ಸಾಕಾಗಿ ಗೇರು ಹಾಕಿದ. ಸುಳ್ಳೇಕೆ ಹೇಳಲಿ, ಆ ವ್ಯಾನು ತಿರುವಿನಲ್ಲಿ ಮರೆಯಾದಾಗ ನನಗೆ ನಡುಬೀದಿಯಲ್ಲೇ ಕುಣಿಯುವಷ್ಟು ಖುಷಿಯಾಯಿತು.

ನಾನು ಶಾಲೆಯ ಬೀಗ ತೆಗೆದು ಕೂತ ಸ್ವಲ್ಪ ಹೊತ್ತಿಗೆ ಸೊಸೆ ಬಂದಳು. ಟೈ ಕಟ್ಟಿದ್ದ ಮಗಳ ಕೈ ಹಿಡಿದಿದ್ದಳು. ಗೇಟಿನಾಚೆ ಉಳಿದ ಮನೆಗಳ ತಾಯಂದಿರೂ ಮಕ್ಕಳನ್ನು ಕರೆದುಕೊಂಡು ಬಂದು, ಒಳಗೆ ಬರಲೋ ಬೇಡವೋ ಎಂದು ಇವಳನ್ನೇ ನೋಡುತ್ತ ನಿಂತರು. ನಾನು ನಗುನಗುತ್ತ ಎದ್ದೆ.

"ಬಾಮ್ಮ, ಬಾ. ನಿನ್ನೆ ಹಬ್ಬ ಹೇಗಿತ್ತು?"

"ಚೆಂದಾಗಿತ್ತು ಮೇಡಂ," ಎಂದಳು. ದನಿ ಏರಿಸಲಿಲ್ಲ. "ನಂಗೂ ಇಂಗೇ ಸೋಬಾನೆ ಆಡ್ಕಂಡು, ಸೇರು ಒದುಸ್ಕಂಡು ಒಳಿಕ್ ಕರ್ಕಂಡಿದ್ರು. ಕಾಲೇಜಿನ್ನೂ ಮುಗ್ದಿರ್ಲಿಲ್ಲ. ಓದುಸ್ತೀವಿ ಅಂದಿದ್ರು. ಆಡು ಮುಗ್ದ್ ಮ್ಯಾಲೆ ಯಾರ್ಗೂ ಗ್ಯಾಪ್ಕ ಇರ್ಲಿಲ್ಲ." ಜಗಲಿಯ ಮೇಲೆ ಸೆರಗು ಸರಿಮಾಡಿಕೊಂಡು ಕೂತಳು. "ಇವತ್ತೇನ್ ಪಾಠ ಮಾಡ್ತೀರಿ, ನೋಡ್ಕಂಡೇ ಓಯ್ತೀನಿ."

ಬೇರೆ ಯಾರಾದರೂ ಹಾಗೆ ಹೇಳಿದ್ದರೆ ನಾನು ಉರಿದು ಬೀಳುತ್ತಿದ್ದೆ. ಅವತ್ತು ಮಗುವನ್ನು ಒಳಗೆ ಕೂರಿಸಿ, ಬೋರ್ಡಿನ ಮುಂದೆ ನಿಂತು, ಸೀಮೆಸುಣ್ಣದ ಡಬ್ಬಿ ತೆಗೆದೆ. ಅದರಲ್ಲಿ ಬಲೂನು, ದಾರ, ಗುಂಡುಪಿನ್ನು. ಬೀರು ನೋಡಿದೆ, ಮೇಜಿನ ಡ್ರಾಯರ್ ನೋಡಿದೆ. ಒಂದು ಚೂರೂ ಇರಲಿಲ್ಲ. ಎಲ್ಲವನ್ನೂ ನಾನೇ ಕುಟ್ಟಿಸಿ ಅಂಗಳಕ್ಕೆ ಹಾಕಿಸಿದ್ದೆ, ಮಳೆ ತೊಳೆದುಕೊಂಡು ಹೋಗಿತ್ತು. ಹೊರಗಿನಿಂದ ಆ ಹೆಣ್ಣುಮಗಳು ನೋಡುತ್ತಿದ್ದಳು. ಇಷ್ಟು ವರ್ಷದ ನೌಕರಿಯಲ್ಲಿ ಯಾವ ಸಾಹೇಬರ ತಪಾಸಣೆಗೂ ನನಗೆ ಹಾಗೆ ಬೆವರು ಕಿತ್ತುಕೊಂಡಿರಲಿಲ್ಲ.

ಬೀರುವಿನ ಮೇಲಿದ್ದ ಅಕ್ಕಿಯ ತಟ್ಟೆ ಕಣ್ಣಿಗೆ ಬಿತ್ತು. ಇಳಿಸಿಕೊಂಡು ಬಂದು ಮಗುವಿನ ಮುಂದೆ ಇಟ್ಟು ಚಕ್ಕಳಮಕ್ಕಳ ಹಾಕಿ ಕೂತೆ. ಅಕ್ಷರಾಭ್ಯಾಸವೇ ಆಗಲಿ ಅಂದುಕೊಂಡು, ಅ ಬರೆಸೋಣವೆಂದು ಅವಳ ಬೆರಳು ಹಿಡಿದೆ. ಅವಳು ಬೆರಳು ಬಿಡಿಸಿಕೊಂಡಳು. ನಾಲಿಗೆಯನ್ನು ತುಟಿಯಂಚಿಗೆ ಇಟ್ಟುಕೊಂಡು, ಅಕ್ಕಿಯ ಮೇಲೆ ತಡೆತಡೆದು ತನ್ನ ಹೆಸರನ್ನು ಪೂರ್ತಿ ಬರೆದಳು. ಅದರ ಕೆಳಗೆ ಅಮ್ಮನ ಹೆಸರನ್ನೂ ಬರೆದಳು.

ತಾಯಿ ಯಾವಾಗಲೋ ಎದ್ದು ಬಾಗಿಲಿಗೆ ಬಂದು ನಿಂತಿದ್ದಳು.

"ಇಲ್ಲೀಗಂಟ ನಾನ್ ಏಳ್ಕೊಟ್ಟಿವ್ನಿ ಮೇಡಂ," ಎಂದಳು. "ಮುಂದುಕ್ ನೀವು."

ನಾನು ತಟ್ಟೆ ಅಲುಗಿಸಿ ಅಕ್ಕಿಯನ್ನು ಸಮ ಮಾಡಿದೆ.