ಧೂಳಿಲ್ಲ ಅಂದ ಮಾತು

ಸೂಲಿಬೆಲೆ ಕಡೆಯ ಆ ಹಳ್ಳಿಯಲ್ಲಿ ಸಪ್ಪಲಮ್ಮನಿಗೆ ಅರ್ಜಿ ಅಜ್ಜಿ ಎಂದೇ ಹೆಸರು ಬಿದ್ದಿತ್ತು. ಊರ ಹಿಂದಿನ ಗುಡ್ಡದ ಬುಡದಲ್ಲಿ ಜಲ್ಲಿ ಕ್ರಷರ್. ಅದರ ಧೂಳು ಅವಳ ಹಿಪ್ಪುನೇರಳೆ ಸೊಪ್ಪಿನ ಮೇಲೆ ಕೂರುತ್ತಿತ್ತು. ಆ ಸೊಪ್ಪು ತಿಂದ ರೇಷ್ಮೆಹುಳುಗಳು ಗೂಡು ಕಟ್ಟದೆ ಸಾಯುತ್ತಿದ್ದವು. ಪಂಚಾಯಿತಿಗೆ, ತಾಲ್ಲೂಕು ಕಚೇರಿಗೆ, ಮಾಲಿನ್ಯ ಮಂಡಳಿಗೆ ಅವಳು ಅರ್ಜಿ ಕೊಡುತ್ತಲೇ ಬಂದಳು. ಹುಳುವಿನ ಸಂಕಟಕ್ಕೆ ಅಜ್ಜಿ ಇಷ್ಟು ಓಡಾಡುತ್ತಾಳೆಂದು ಊರವರು ತಿಳಿದಿದ್ದರು.

ಅವಳ ಗಂಡ ದೊಡ್ಡಮುನಿಯಪ್ಪ ಅದೇ ಕ್ರಷರ್‌ನಲ್ಲಿ ಹನ್ನೊಂದು ವರ್ಷ ದುಡಿದವನು. ಒಂಬತ್ತು ವರ್ಷದ ಹಿಂದೆ, ಧೂಳಿನ ತೊಂದರೆ ಇದೆಯೇ ಎಂದು ಕೇಳಲು ಅಧಿಕಾರಿಯೊಬ್ಬರು ಮನೆಮನೆಗೂ ಬಂದಿದ್ದರು. ಯಾರಾದರೂ ಬಾಯಿಬಿಟ್ಟರೆ ನಾಳೆಯಿಂದ ಕೆಲಸವಿಲ್ಲವೆಂದು ಕ್ರಷರ್‌ನ ಮೇಸ್ತ್ರಿ ಬೆಳಿಗ್ಗೆಯೇ ಹೇಳಿಹೋಗಿದ್ದ. ಸಪ್ಪಲಮ್ಮ ಬಾಗಿಲಿಗೆ ಅಡ್ಡ ನಿಂತು, "ಧೂಳೇನೂ ಇಲ್ಲ ಸಾರ್, ಚೆನ್ನಾಗೇ ಇದೀವಿ" ಅಂದಿದ್ದಳು. ಒಳಗೆ ಮುನಿಯಪ್ಪ ಬಾಯಿಗೆ ಟವಲು ತುರುಕಿಕೊಂಡು ಕೆಮ್ಮು ತಡೆದು ಕೂತಿದ್ದ. ಜೀಪು ತಿರುವು ದಾಟಿದ ಮೇಲೆ ಅವಳು ಟವಲು ಎಳೆದಾಗ ಅವನ ತುಟಿ ಕಪ್ಪಿಟ್ಟಿತ್ತು. ಎರಡು ವರ್ಷಕ್ಕೆ ಅವನು ತೀರಿಕೊಂಡ. ಅವಳು ಅರ್ಜಿ ಕೊಡಲು ಶುರುಮಾಡಿದ್ದು ಆಮೇಲೆ.

ಅಂದಿನಿಂದ ಅವಳ ಕಿವಿಯಲ್ಲಿ ಉಳಿದದ್ದು ಅವನ ಕೆಮ್ಮಲ್ಲ. ಕೇಳಿಸುತ್ತಿದ್ದುದು ಕೆಮ್ಮಿಗೆ ಮುಂಚೆ ಉಸಿರು ತಡೆಯುವ ಆ ಸದ್ದು. ಸೊಪ್ಪು ಕೊಯ್ಯುವಾಗ ಬೆನ್ನ ಹಿಂದೆ ಯಾರೋ ಉಸಿರು ಬಿಗಿಹಿಡಿದು ನಿಂತ ಹಾಗೆ. ತಿರುಗಿದರೆ ಸಾಲು ಗಿಡ, ಬೂದಿ ಬಣ್ಣದ ಎಲೆ.

ಹೋದ ಶ್ರಾವಣದಲ್ಲಿ ಕೊನೆಗೂ ಮಾಲಿನ್ಯ ಮಂಡಳಿಯ ಅಧಿಕಾರಿ ರವಿಚಂದ್ರ ಧೂಳು ಅಳೆಯುವ ಯಂತ್ರ ಹಿಡಿದು ಬಂದರು. ಸುದ್ದಿ ಮೊದಲೇ ಗೊತ್ತಾಗಿ, ಕ್ರಷರ್‌ನವರು ಬೆಳಗಿನಿಂದ ಟ್ಯಾಂಕರ್‌ನಲ್ಲಿ ನೀರು ಹೊಡೆಸಿದ್ದರು. ಯಂತ್ರಕ್ಕೆ ಹೆಚ್ಚೇನೂ ಸಿಗಲಿಲ್ಲ. ಜನರನ್ನಾದರೂ ಕೇಳೋಣವೆಂದು ಅವರು ಸಪ್ಪಲಮ್ಮನ ಪಕ್ಕದ ಮನೆಗೆ ಹೋದರು. ಅಲ್ಲಿನ ಪ್ರಿಯಾಂಕಳ ಗಂಡ ಕಾಂತರಾಜು ಕ್ರಷರ್‌ನಲ್ಲೇ ಕೆಲಸಕ್ಕಿದ್ದ.

"ಧೂಳೇನೂ ಇಲ್ಲ ಸಾರ್" ಅಂದಳು ಪ್ರಿಯಾಂಕ.

ಬೀದಿಯಲ್ಲಿದ್ದ ಸಪ್ಪಲಮ್ಮ ಜಗಲಿಯ ಕಂಬ ಹಿಡಿದುಕೊಂಡಳು. ಆ ಮನೆಯೊಳಗಿಂದ ಉಸಿರು ತಡೆದದ್ದು ಅವಳಿಗೆ ಸ್ಪಷ್ಟವಾಗಿ ಕೇಳಿಸಿತು. ಕಾಂತರಾಜು ಆ ಹೊತ್ತಿಗೆ ಕೆಲಸಕ್ಕೆ ಹೋಗಿದ್ದ. ಒಳಗೆ ಯಾರೂ ಇರಲಿಲ್ಲ.

ಸಂಜೆ ಅವಳು ಆ ಮನೆಗೆ ಹೋದಳು. ಜಗಳಕ್ಕೆ ಬಂದಳೆಂದು ಪ್ರಿಯಾಂಕ ಮುಖ ಬಿಗಿದುಕೊಂಡಳು.

"ನಾನೂ ಅದೇ ಮಾತು ಹೇಳಿದ್ದೆ ಕಣಮ್ಮ" ಅಂದಳು ಸಪ್ಪಲಮ್ಮ. ಒಂಬತ್ತು ವರ್ಷ ಯಾರಿಗೂ ಹೇಳದಿದ್ದನ್ನೆಲ್ಲ, ಟವಲಿನವರೆಗೂ ಹೇಳಿದಳು.

ಪ್ರಿಯಾಂಕ ಒಳಗಿನ ಗೋಡೆಯತ್ತ ಕೈ ತೋರಿಸಿದಳು. "ಇವ್ರು ಗೋಡೆಗೆ ಒರಗ್ಕೊಂಡೇ ನಿದ್ದೆ ಮಾಡೋದು ಅಜ್ಜಿ. ಮಲಗಿದ್ರೆ ಉಸಿರು ಕಟ್ಟತ್ತೆ ಅಂತಾರೆ."

ಮರುವಾರ ಗಂಡಹೆಂಡಿರು ಹೊಸಕೋಟೆಗೆ ಹೋಗಿ ಎಕ್ಸ್‌ರೇ ತೆಗೆಸಿದರು. ಎದೆಯಲ್ಲಿ ಧೂಳು ಕೂರಲು ಶುರುವಾಗಿದೆ, ಇನ್ನೊಂದು ದಿನವೂ ಆ ಕೆಲಸಕ್ಕೆ ಹೋಗಕೂಡದೆಂದರು ಡಾಕ್ಟರು. ರವಿಚಂದ್ರರಿಗೆ ಫೋನು ಮಾಡಿದವಳು ಪ್ರಿಯಾಂಕಳೇ. ಈ ಸಲ ಅವರು ಹೇಳದೆ ಕೇಳದೆ ಬಂದರು. ಯಂತ್ರಕ್ಕೆ ಧೂಳು ಸಿಕ್ಕಿತು. ಕ್ರಷರ್‌ಗೆ ಬೀಗ ಬಿತ್ತು. ಎರಡು ತಿಂಗಳಾದ ಮೇಲೆ ಸುತ್ತ ತಗಡು ಹೊದಿಸಿ, ನೀರಿನ ಪೈಪು ಎಳೆದು ಮತ್ತೆ ಶುರುಮಾಡಿದರು. ಧೂಳು ಕಡಿಮೆಯಾಯಿತು, ನಿಲ್ಲಲಿಲ್ಲ. ಕಾಂತರಾಜು ಆ ಕೆಲಸ ಬಿಟ್ಟು ಡೈರಿಯ ಹಾಲಿನ ವ್ಯಾನು ಓಡಿಸುತ್ತಾನೆ. ಮೆಟ್ಟಿಲು ಹತ್ತಿದರೆ ಈಗಲೂ ಏದುಸಿರು.

ಕ್ರಷರ್ ಮುಚ್ಚಿದ್ದಾಗ ಕೂಲಿ ತಪ್ಪಿದ ನಾಲ್ಕು ಮನೆಯವರು ಸಪ್ಪಲಮ್ಮನ ಜೊತೆ ಮಾತು ಬಿಟ್ಟರು. ಒಂದು ದಿನ ನಲ್ಲಿಯ ಹತ್ತಿರ, ಅವರಲ್ಲೊಬ್ಬಳಾದ ಅಮ್ಮಯಮ್ಮ ತಡೆಯಲಾರದೆ, ನಿನ್ನಿಂದ ನನ್ನ ಮಗ ಎರಡು ತಿಂಗಳು ಮನೇಲಿ ಕೂತ ಅಂದಳು.

"ಹೌದು" ಅಂದಳು ಸಪ್ಪಲಮ್ಮ. "ಅವನ್ದೂ ಒಂದ್ಸಲ ಎದೆ ಫೋಟೋ ತೆಗೆಸಮ್ಮ."

ಅಮ್ಮಯಮ್ಮ ಅರ್ಧ ತುಂಬಿದ ಬಿಂದಿಗೆಯನ್ನು ಎತ್ತಿಕೊಂಡು ಹೊರಟುಹೋದಳು.