ಒಂದು ಮಗ್ಗುಲಿನ ಹಣ್ಣು

ಟೈಲರಮ್ಮನ ಮನೆಯ ಹಿತ್ತಿಲು ಎರಡು ಹಾಸಿಗೆ ಬಿಡಿಸಿದರೆ ತುಂಬಿಹೋಗುವಷ್ಟು. ಅದರಲ್ಲೂ ಅವಳಿಗೆ ಅರ್ಧ, ಪಕ್ಕದ ಭಾಗದಲ್ಲಿದ್ದ ಹಿರಿಯ ಓರಗಿತ್ತಿಗೆ ಅರ್ಧ. ನಟ್ಟನಡುವೆ ಒಂದು ಸೀತಾಫಲದ ಗಿಡ. ಹೂ ಬಿಡುವುದರಲ್ಲಿ ಧಾರಾಳಿ, ಕಾಯಿ ಕಟ್ಟುವುದರಲ್ಲಿ ಕಡುಜಿಪುಣ.

ಓರಗಿತ್ತಿಗೆ ಮೊಣಕಾಲು ನೋವು. ಮಹಡಿಯ ಬಚ್ಚಲಿಗೆ ಹತ್ತಿಳಿಯಲಾರದೆ, ಗಿಡ ತೆಗೆಸಿ ಅಲ್ಲಿ ನೆಲಮಟ್ಟದ ಬಚ್ಚಲು ಕಟ್ಟಿಸಬೇಕೆಂದು ಅವಳು ಪಟ್ಟು ಹಿಡಿದಿದ್ದಳು. ಕೇಳಿದ್ದು ನ್ಯಾಯವಾಗಿಯೇ ಇತ್ತು. ಟೈಲರಮ್ಮ ಎದುರಾಡಲಿಲ್ಲ. ಒಂದು ಬೆಳೆಯವರೆಗೆ ಗಡುವು ಕೇಳಿದಳು.

“ಆಯ್ತಮ್ಮ, ಈ ಸಲ ಹಣ್ಣು ಬಿಟ್ರೆ ಗಿಡ ಇರ್ಲಿ. ಬಿಡ್ಲಿಲ್ವಾ, ಮೇಸ್ತ್ರಿ ಬರ್ತಾನೆ. ಆಮೇಲೆ ಮುಖ ಊದಿಸ್ಕೊಂಡು ಕೂತ್ಕೋಬಾರ್ದು.”

“ನನ್ನ ಮುಖ ಇರೋದೇ ಹೀಗೆ ಅಕ್ಕಾ.”

ಕಾಯಿ ಕಟ್ಟದ್ದಕ್ಕೆ ಅಲ್ಲಿಯವರೆಗೆ ಟೈಲರಮ್ಮ ಮಣ್ಣನ್ನೇ ದೂರುತ್ತಿದ್ದಳು. ಬುಟ್ಟಿಗಟ್ಟಲೆ ಗೊಬ್ಬರ ಸುರಿದಿದ್ದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಗಿತ್ತು. ಕೊನೆಗೆ ಸಸಿ ಮಾರುವವನು ತಿಳಿಸಿ ಹೇಳಿದ: “ಗೊಬ್ಬರ ಸಾಕಮ್ಮ. ನಿಮ್ಮ ಹಿತ್ತಿಲಿಗೆ ಹುಳ ಬರ್ತಿಲ್ಲ. ನೀವೇ ಹುಳ ಆಗ್ಬೇಕು.”

ಸೀತಾಫಲದ ಹೂವಿನದು ವಿಚಿತ್ರ ಸ್ವಭಾವ. ದಳಗಳು ಸ್ವಲ್ಪ ಬಿರಿದಿರುವಾಗ ಅದು ಪರಾಗ ಬೇಡುತ್ತದೆ. ತನ್ನ ಪರಾಗ ಉದುರಿಸುವುದು ಆಮೇಲೆ, ಪೂರ್ತಿ ಅರಳಿದ ಮೇಲೆ. ಅಷ್ಟರಲ್ಲಿ ಬೇಡುವ ಹೊತ್ತು ಮೀರಿರುತ್ತದೆ. ಮದುವೆ ಮುಗಿದ ಮೇಲೆ ಬಟ್ಟೆಯ ಅಳತೆ ಕೊಡಲು ಬರುವ ಗಿರಾಕಿಗಳನ್ನು ಕಂಡಿದ್ದ ಟೈಲರಮ್ಮನಿಗೆ ಇದು ಬೇಗ ಅರ್ಥವಾಯಿತು. ಸಂಜೆ ಅರಳಿದ ಹೂಗಳ ಪರಾಗವನ್ನು ಡಬ್ಬಿಗೆ ಉದುರಿಸಿಟ್ಟು, ಬೆಳಗ್ಗೆ ಬಿರಿಯುತ್ತಿರುವ ಹೂಗಳೊಳಗೆ ಬಣ್ಣದ ಬ್ರಷ್ಷಿನಿಂದ ಸವರತೊಡಗಿದಳು.

“ಏನೇ ಇದು, ಬೆಳಬೆಳಗ್ಗೆ ಗಿಡಕ್ಕೆ ಮೇಕಪ್ಪು?”

“ಮದುವೆ ಮಾಡಿಸ್ತಿದೀನಿ ಅಕ್ಕಾ. ಮನುಷ್ಯರದ್ದು ಮಾಡಿಸಿದ್ರೆ ಆಮೇಲೆ ಬಂದು ಬೈತಾರೆ. ಇವು ಬಾಯಿ ಬಿಡಲ್ಲ.”

ಕಾಯಿ ಕಟ್ಟಿತು. ಹೋದ ವರ್ಷಗಳಂತೆ ಉದುರಲೂ ಇಲ್ಲ. ಆದರೆ ಬೆಳೆಯುತ್ತ ಬಂದಂತೆ ಒಂದೊಂದೂ ಸೊಟ್ಟಗಾಯಿತು: ಒಂದು ಮಗ್ಗುಲು ಉಬ್ಬಿಕೊಂಡರೆ ಇನ್ನೊಂದು ಬತ್ತಿಹೋಗಿತ್ತು. ರೋಗವಿರಬೇಕೆಂದು ಎಲೆಗಳನ್ನೆಲ್ಲ ಮಗುಚಿ ನೋಡಿದಳು, ಏನೂ ಕಾಣಲಿಲ್ಲ. ತಡವಾಗಿ ಬಿಟ್ಟ ಒಂದು ಹೂವಿಗೆ ಬ್ರಷ್ಷು ಹಾಕುವಾಗ ತನ್ನ ಕೈಯನ್ನು ತಾನೇ ಗಮನಿಸಿದಳು. ಎಡಗೈ ಹೂವನ್ನು ಅಲುಗದಂತೆ ಒತ್ತಿ ಹಿಡಿದಿತ್ತು, ಬಲಗೈ ಒಂದೇ ಕಡೆಯಿಂದ ಹೋಗಿಬರುತ್ತಿತ್ತು. ಮೆಷಿನ್ನಿನ ಮುಂದೆ ಬಟ್ಟೆ ಹಿಡಿದು ಹಿಡಿದು ಬಂದ ಅಭ್ಯಾಸ. ಪರಾಗ ಮುಟ್ಟಿದ ಕಡೆ ತಿರುಳು ತುಂಬಿತ್ತು, ಮುಟ್ಟದ ಕಡೆ ಇಲ್ಲ. ಹೂವಿನ ಸುತ್ತಲೂ ಬ್ರಷ್ಷು ತಿರುಗಿಸಬೇಕಿತ್ತು.

ಹಣ್ಣು ಕೀಳುವ ವಾರವೇ ಮೇಸ್ತ್ರಿ ಅಳತೆ ಟೇಪು ಹಿಡಿದು ಬಂದ. ಓರಗಿತ್ತಿ ಒಂದು ಹಣ್ಣನ್ನೆತ್ತಿ ತಿರುಗಿಸಿ ನೋಡಿದಳು.

“ಇದೇನೇ, ಹಲ್ಲುನೋವು ಬಂದವರ ಕೆನ್ನೆ ಥರ ಇದೆ?”

ಟೈಲರಮ್ಮನ ಬಳಿ ಸಮಜಾಯಿಷಿ ಇತ್ತು, ಹೇಳಲಿಲ್ಲ. ಅಂಗಿಯ ತೋಳು ಕೂದಲೆಳೆಯಷ್ಟು ಓರೆಯಾದರೂ ಗಿರಾಕಿ ನೋಡುವ ಮುಂಚೆ ತಾನೇ ಬಿಚ್ಚಿ ಹೊಲಿಯುತ್ತಿದ್ದವಳು ಅವಳು.

“ಕೆಲಸ ಕೆಟ್ಟಿದೆ ಅಕ್ಕಾ, ತಪ್ಪು ನಂದೇ. ಕಡಿಸ್ಬಿಡಿ.”

ಓರಗಿತ್ತಿ ಹಣ್ಣು ಬಿಡಿಸಿ ಉಬ್ಬಿದ ಕಡೆಯ ತಿರುಳು ಬಾಯಿಗಿಟ್ಟಳು. ಬೀಜ ಉಗುಳಿದಳು. “ಹಣ್ಣು ಬಿಟ್ರೆ ಅಂದಿದ್ದೆ. ಅಂದವಾಗಿರೋ ಹಣ್ಣು ಬಿಟ್ರೆ ಅಂದಿರ್ಲಿಲ್ಲ. ಆಡಿದ ಮಾತು ನುಂಗೋಕೆ ನಾನೇನು ಚಿಕ್ಕ ಮಗುನಾ?” ಎಂದು ಮೇಸ್ತ್ರಿಯ ಕಡೆ ತಿರುಗಿದಳು. “ಗೋಡೆ ಗಿಡದಿಂದ ಈಚೆಗೆ ಬರ್ಲಿ.”

“ಬಟ್ಟೆ ಒಗೆಯೋ ಕಲ್ಲಿಗೆ ಜಾಗ ಇರಲ್ಲಮ್ಮ. ಒಬ್ರು ನಿಂತ್ರೆ ಮುಗೀತು.”

“ಸ್ನಾನಕ್ಕೇನು ಮೆರವಣಿಗೇಲಿ ಹೋಗ್ತೀವಾ? ಸ್ಟೂಲ್ ಹಿಡಿಸಿದ್ರೆ ಸಾಕು. ಕಲ್ಲು ಹೊರಗೇ ಇರ್ಲಿ.”

ಮೇಸ್ತ್ರಿ ಗೋಡೆಯ ಗುರುತಿಗೆ ದಾರ ಎಳೆಯಲು ಹೋದಾಗ ಅಡ್ಡ ಚಾಚಿದ್ದ ಕೊಂಬೆ ಅವನ ಮುಖಕ್ಕೆ ಬಡಿಯಿತು. ಟೈಲರಮ್ಮ ಹೋಗಿ, ಕೊಂಬೆಯನ್ನು ಬಾಗಿಸಿ, ಬಟ್ಟೆಯ ಚೂರಿನಿಂದ ಕಾಂಡಕ್ಕೆ ಕಟ್ಟಿ, ಅವನಿಗೆ ದಾರಿ ಬಿಟ್ಟಳು.